ಕೊನೆಯ ಅಂಕಿ

ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಗೆ ಬಿಸಿಲು ಬರುತ್ತಿದ್ದದ್ದು ಬೆಳಿಗ್ಗೆ ಹತ್ತರಿಂದ ಹತ್ತೂವರೆಯವರೆಗೆ ಮಾತ್ರ, ಅದೂ ಚಾವಣಿಗೆ ಅಂಟಿಕೊಂಡಂತಿದ್ದ ಗೇಣಗಲದ ಕಿಟಕಿಯಿಂದ. ಆ ಅರ್ಧ ಗಂಟೆ ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡು ಬೆನ್ನು ಕಾಯಿಸಿಕೊಳ್ಳುತ್ತ ಕೆಲಸ ಮಾಡುವುದು ನಂಬರಮ್ಮನ ಹತ್ತೊಂಬತ್ತು ವರ್ಷದ ಅಭ್ಯಾಸ. ಆ ಹೆಸರಿಟ್ಟವರು ಮೇಲಿನ ವಾರ್ಡುಗಳ ಸಿಸ್ಟರ್‌ಗಳು. ರೋಗಿ ಮನೆಗೆ ಹೊರಡುವ ಹೊತ್ತಿಗೆ ಅವನ ಕಡತ ಇವಳ ಮೇಜಿಗೆ ಬರುತ್ತಿತ್ತು. ಡಾಕ್ಟರು ಬರೆದದ್ದನ್ನೆಲ್ಲ ಓದಿ, ಕಾಯಿಲೆಗೋ ಗಾಯಕ್ಕೋ ದಪ್ಪ ಪುಸ್ತಕದಲ್ಲಿ ಗೊತ್ತುಮಾಡಿರುವ ಕೋಡ್ ಹುಡುಕಿ ಹಾಕಿ, ಕೆಳಗೆ ಸಹಿ ಮಾಡಬೇಕು. ಅಷ್ಟೇ. ರೋಗಿಯ ಮುಖ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ಮುಖ ಗೊತ್ತಿಲ್ಲದಿದ್ದರೂ ಎಲ್ಲರ ಕೈಬರಹ ಗೊತ್ತಿತ್ತು. ಅಕ್ಷರ ಹಿಂದಕ್ಕೆ ವಾಲಿದ್ದರೆ ಅದು ಮೂರನೇ ಮಹಡಿಯ ಎಡಗೈ ಸಿಸ್ಟರ್. ಸಾಲುಗಳು ಇಳಿಜಾರಿನಲ್ಲಿ ಓಡಿದ್ದರೆ ಮನೋರೋಗದ ಡಾಕ್ಟರು ಹಸಿದುಕೊಂಡು ಬರೆದದ್ದು. "ನಿನಗೆ ಯಾರಾದರೂ ಸಂಬಂಧ ತಂದರೆ ಹುಡುಗನ ಫೋಟೋ ಕೇಳಲ್ಲ, ಸಹಿ ಕೇಳ್ತೀಯ" ಎಂದು ಪಕ್ಕದ ಮೇಜಿನ ಸ್ಕ್ಯಾನರ್ ಮಾಮ ಕಾಲೆಳೆಯುತ್ತಿದ್ದ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮಾಮನ ಕೆಲಸ ಹಳೇ ಕಡತಗಳನ್ನು ಕಂಪ್ಯೂಟರಿಗೆ ಇಳಿಸುವುದು. ಯಂತ್ರಕ್ಕಿಂತ ಅವನ ಬಾಯಿಯೇ ಹೆಚ್ಚು ಓಡುತ್ತಿತ್ತು.

ಆ ಮಂಗಳವಾರ ಬಿಸಿಲು ಇನ್ನೂ ಬೆನ್ನಮೇಲಿರುವಾಗಲೇ 'ತುರ್ತು' ಎಂಬ ಕೆಂಪು ಚೀಟಿ ಅಂಟಿಸಿದ ಕಡತ ಬಂತು. ಮೂವತ್ತೊಂದು ವರ್ಷದ ಹೆಂಗಸು, ಹೊಲಿಗೆ ಕಲಿಸುವ ಟೀಚರು. ಭ್ರಮೆ ಹುಟ್ಟಿಸುವ ಮದ್ದಿನ ಚಟ, ಅದರಿಂದ ಚಿತ್ತ ಕೆಟ್ಟಿದೆ ಎಂದು ಮನೋರೋಗದ ಡಾಕ್ಟರು ಬರೆದಿದ್ದರು. ಗೋಡೆ ಉಸಿರಾಡುತ್ತಿದೆ ಎನ್ನುತ್ತಾಳೆ, ತನ್ನ ಬೆರಳು ತನ್ನದಲ್ಲ ಎನ್ನುತ್ತಾಳೆ, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಮಧ್ಯಾಹ್ನ ಎರಡಕ್ಕೆ ಡಿಸ್ಚಾರ್ಜ್. ಅಷ್ಟರೊಳಗೆ ಗಂಡನಿಗೆ ದಾಖಲೆಯ ನಕಲು ಬೇಕಂತೆ.

ಐದು ತಿಂಗಳಲ್ಲಿ ಆಕೆ ಹೀಗೆ ಬಂದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಡಾಕ್ಟರು ಚಟ ಎಂದಿದ್ದರು. ಚಟಕ್ಕಿರುವ ಕೋಡ್ ಹಾಕಿ ನಂಬರಮ್ಮನೇ ಸಹಿ ಮಾಡಿದ್ದಳು. ಮೂರನೆಯ ಸಲಕ್ಕೂ ಅದನ್ನೇ ಇಳಿಸಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಸಿಸ್ಟರ್‌ಗಳು ಬರೆದ ಹಾಳೆಗಳನ್ನೂ ಓದಿಯೇ ಮುಚ್ಚುವುದು ಅವಳ ಪದ್ಧತಿ. ಹೋದ ಎರಡು ಸಲ ಯಾಕೆ ಓದಲಿಲ್ಲ ಎಂಬುದು ಆಮೇಲೆ ಅವಳನ್ನು ಬಹಳ ದಿನ ಕೊರೆಯಿತು. ಓದಿದ್ದಳೋ ಏನೋ. ಓದಿಯೂ ತಲೆಗೆ ಹೋಗಿರಲಿಲ್ಲವೋ ಏನೋ.

ಆಕೆ ಬಂದು ಸೇರಿದ್ದು ಶುಕ್ರವಾರ. ಶನಿವಾರ ಬೆಳಿಗ್ಗೆ ಶಾಂತವಾಗಿದ್ದಳು, ತಿಂಡಿ ತಿಂದಿದ್ದಳು. ಸಂಜೆ ನಾಲ್ಕಕ್ಕೆ ನಾಡಿ ಎಂಬತ್ತೆರಡು. ಆರಕ್ಕೆ ನೂರಾ ಮೂವತ್ತೆಂಟು, ಕಣ್ಣಿನ ಪಾಪೆ ಅರಳಿದೆ, ಮತ್ತೆ ಗೋಡೆಯ ಮಾತು. ಭಾನುವಾರ ಬೆಳಿಗ್ಗೆ ಮತ್ತೆ ಶಾಂತ. ನಾಲ್ಕಕ್ಕೆ ಎಪ್ಪತ್ತೆಂಟು, ಆರಕ್ಕೆ ನೂರಾ ನಲವತ್ತು. ಸೋಮವಾರ ಮಾತ್ರ ಬೆಳಿಗ್ಗೆಯಿಂದ ರಾತ್ರಿಯವರೆಗೂ ಏನೂ ಇಲ್ಲ. ಬಂಧುಗಳು ರೋಗಿಯನ್ನು ನೋಡಲು ಬರುವ ಹೊತ್ತು ನಾಲ್ಕರಿಂದ ಐದು. ಭಾನುವಾರದ ಹಾಳೆಯ ಅಂಚಿನಲ್ಲಿ ಹಿಂದಕ್ಕೆ ವಾಲಿದ ಅಕ್ಷರಗಳಿದ್ದವು: 'ರೋಗಿ ಹೇಳುವಂತೆ, ತಾನು ಏನೂ ತೆಗೆದುಕೊಂಡಿಲ್ಲ. ಮನೆಯಿಂದ ಬಂದ ಟೀ ಕಹಿಯಾಗಿತ್ತು.' ಸೋಮವಾರದ ಹಾಳೆಯಲ್ಲಿ ಅದೇ ಅಕ್ಷರ: 'ಇಂದು ಗಂಡ ಬಂದಿಲ್ಲ.'

ನಂಬರಮ್ಮ ಮೂರು ದಿನದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿದಳು. ಶುಕ್ರವಾರದಿಂದ ವಾರ್ಡಿನ ಬಾಗಿಲು ದಾಟದ ಹೆಂಗಸಿಗೆ ಮದ್ದು ಎಲ್ಲಿಂದ ಬರಬೇಕು?

ಇಂಥ ಮದ್ದು ಮೈಸೇರಿ ತೊಂದರೆಯಾದರೆ ಕೋಡಿನಲ್ಲಿ ಕೊನೆಗೊಂದು ಅಂಕಿ ಬರೆಯಬೇಕು. ಗೊತ್ತಿಲ್ಲದೆ ಸೇರಿದ್ದರೆ ಒಂದು. ಜೀವ ಕಳೆದುಕೊಳ್ಳಲು ತಾನೇ ತೆಗೆದುಕೊಂಡಿದ್ದರೆ ಎರಡು. ಇನ್ನೊಬ್ಬರು ಕೆಡುಕು ಬಗೆದು ಕೊಟ್ಟಿದ್ದರೆ ಮೂರು. ತೀರ್ಮಾನಿಸಲು ಆಗದಿದ್ದರೆ ನಾಲ್ಕು. ಆ ಅಂಕಿಯನ್ನು ನಂಬರಮ್ಮ ತನ್ನ ಊಹೆಯಿಂದ ಹಾಕುವಂತಿಲ್ಲ. ಡಾಕ್ಟರೇ ಬರೆಯಬೇಕು. ಅವಳು ಫೋನೆತ್ತಿದಳು.

"ಸರ್, ಹೊಲಿಗೆ ಟೀಚರ್ ಕೇಸ್ ಶೀಟಿನಲ್ಲಿ ಒಂದು ಸಂದೇಹ."

"ಮತ್ತೆ ನನ್ನ ಕೈಬರಹಾನಾ?"

"ಅಲ್ಲ ಸರ್. ಮದ್ದು ಒಳಗೆ ಹೋಗಿದ್ದು ಹೇಗೆ ಅಂತ ಬರೆದಿಲ್ಲ."

"ಚಟ ಅಂತ ಬರೆದಿದೀನಲ್ಲ. ಗಂಡನೇ ಹೇಳಿದಾನೆ. ಹೋದ ಸಲದ ನಂಬರೇ ಹಾಕಿ ಕಳಿಸಿ, ಇಲ್ಲಿ ಹೊರಗೆ ನಲವತ್ತು ಜನ ಕೂತಿದಾರೆ." ಫೋನ್ ಇಟ್ಟರು.

ಬಾಯಿಮಾತಿಗೆ ಬಗ್ಗದ ಡಾಕ್ಟರಿಗೆ ಕಾಗದದಲ್ಲಿ ಕೇಳಬಹುದು ಎಂಬ ನಿಯಮವಿತ್ತು. ಉತ್ತರವನ್ನು ಅವರ ಬಾಯಿಗೆ ತುರುಕುವ ಹಾಗೆ ಮಾತ್ರ ಬರೆಯಬಾರದು. ದಿನ, ಗಂಟೆ, ನಾಡಿ, ಸಿಸ್ಟರ್ ಬರೆದ ಎರಡು ಸಾಲು, ಇಷ್ಟನ್ನೇ ನಕಲು ಮಾಡಿ ಕೆಳಗೆ 'ದಯವಿಟ್ಟು ಸ್ಪಷ್ಟಪಡಿಸಿ' ಎಂದು ಬರೆದಳು. ಕಾಗದ ಹಿಡಿದು ಮಾಮ ಮೇಲೆ ಹೋದ.

ಅವನು ಹೋಗಿ ಐದು ನಿಮಿಷವಾಗಿರಲಿಲ್ಲ, ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಇಸ್ತ್ರಿ ಮಾಡಿದ ಬೂದು ಅಂಗಿ, ಒಪ್ಪವಾಗಿ ಬಾಚಿದ ತಲೆ, ಕೈಯಲ್ಲಿ ಸ್ಟೀಲಿನ ಫ್ಲಾಸ್ಕು.

"ನಕಲು ಇಲ್ಲೇ ಕೊಡೋದಾ ಮೇಡಂ? ಹೊಲಿಗೆ ಟೀಚರ್ ಇದಾರಲ್ಲ, ನಾನು ಅವರ ಯಜಮಾನ."

"ಮೇಲೆ ಕೌಂಟರಿನಲ್ಲಿ ಕೊಡ್ತಾರೆ. ಇಲ್ಲಿಗೆ ಹೊರಗಿನವರು ಬರೋ ಹಾಗಿಲ್ಲ."

"ಪರವಾಗಿಲ್ಲ, ಒಂದು ನಿಮಿಷ ಕೂತ್ಕೋತೀನಿ. ಅಲ್ಲಿ ತುಂಬಾ ಗದ್ದಲ." ಅವನು ಮಾಮನ ಕುರ್ಚಿಯಲ್ಲಿ ಕುಳಿತ. ದನಿ ಎಷ್ಟು ಮೆತ್ತಗಿತ್ತೆಂದರೆ ಬೇಡವೆನ್ನಲು ಇವಳಿಗೇ ನಾಚಿಕೆಯಾಗಬೇಕು. "ನಿಮಗೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು. ಎರಡು ಸಲಾನೂ ನಿಮ್ಮದೇ ಸಹಿ, ನೋಡಿದೀನಿ. ಆ ಕಾಗದ ಕೋರ್ಟಿನಲ್ಲಿ ಎಷ್ಟು ಉಪಯೋಗಕ್ಕೆ ಬಂತು ಅಂತೀರಾ."

"ಕೋರ್ಟಾ?"

"ಅವಳೇ ಹಾಕಿರೋ ಕೇಸು. ಬೇರೆ ಹೋಗ್ತಾಳಂತೆ, ಮಗೂನೂ ಕರ್ಕೊಂಡು. ಎಲ್ಲಿಗೆ ಹೋಗ್ತಾಳೆ ಪಾಪ, ಈ ಸ್ಥಿತೀಲಿ. ತಾಯಿಗೆ ಚಟ ಇದೆ ಅಂತ ಆಸ್ಪತ್ರೆಯವರೇ ಬರೆದುಕೊಟ್ಟ ಮೇಲೆ ಇನ್ನೇನು ಬೇಕು. ಈ ಮೂರನೇದೂ ಸಿಕ್ಕಿಬಿಟ್ಟರೆ ಮುಗೀತು. ಮನೇಲೇ ಇರ್ತಾಳೆ, ನಾನೇ ನೋಡ್ಕೋತೀನಿ."

ಅವನು ಮಾತಾಡುತ್ತಲೇ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಅವಳ ಮೇಜಿನ ಮೇಲೆ ಖಾಲಿಯಿದ್ದ ಅವಳದೇ ಲೋಟಕ್ಕೆ ಟೀ ಬಗ್ಗಿಸಿದ. ಹಬೆ ಎದ್ದಿತು. ನಂಬರಮ್ಮ ತೆರೆದೇ ಇದ್ದ ಕಡತವನ್ನು ಮೆಲ್ಲಗೆ ಮುಚ್ಚಿ ಮೇಲೆ ಮೊಣಕೈ ಊರಿದಳು.

"ಕುಡೀರಿ, ಆರಿಹೋಗುತ್ತೆ."

"ಬೇಡ. ನನಗೆ ಸಕ್ಕರೆ ಕಾಯಿಲೆ."

"ಸಕ್ಕರೆ ಹಾಕಿಲ್ಲ."

ಅವನು ಅವಳ ಮುಖವನ್ನೇ ನೋಡುತ್ತ ಕುಳಿತ. ಸಿಟ್ಟಿಲ್ಲ, ಅವಸರವಿಲ್ಲ. ಮಗುವಿಗೆ ತುತ್ತು ಹಿಡಿದುಕೊಂಡು ಕಾಯುವವರ ಹಾಗೆ ಕಾಯುತ್ತಿದ್ದ. ಅವಳು ಲೋಟ ಮುಟ್ಟಿದಳು, ಬಿಸಿಯೆಂದು ಕೈ ತೆಗೆದಳು.

"ನಿಮ್ಮ ತಾಯಿಯವರಿಗೂ ಸಕ್ಕರೆ ಕಾಯಿಲೇನಾ?" ಎಂದ. "ನೀವು ಇವತ್ತು ಡ್ಯೂಟಿಗೆ ಬರ್ತೀರೋ ಇಲ್ವೋ ಅಂತ ಬೆಳಿಗ್ಗೆ ಮನೆಗೆ ಫೋನ್ ಮಾಡಿದ್ದೆ. ನಂಬರು ಕೌಂಟರಿನಲ್ಲಿ ಕೊಟ್ಟರು. ಕಿವಿ ಸ್ವಲ್ಪ ಮಂದ ಅಲ್ವಾ ಅವರಿಗೆ? ಮೂರು ಸಲ ಹೇಳಬೇಕಾಯ್ತು. ಒಳ್ಳೇ ಜನ. ಸಂಜೆವರೆಗೂ ಮನೇಲಿ ಒಬ್ಬರೇ ಇರ್ತಾರಂತೆ."

ಅವಳು ಕಡತವನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳವಾಗಿ ಮಾಮ ಬಂದ.

"ಡಾಕ್ಟರು ಸಿಗಲಿಲ್ಲ ತಾಯಿ, ಟೇಬಲ್ ಮೇಲೆ ಇಟ್ಟು ಬಂದೆ. ಓಹೋ, ಟೀ ಪಾರ್ಟಿ ನಡೀತಿದೆ, ನನಗೆ ಹೇಳಲೇ ಇಲ್ಲ" ಎನ್ನುತ್ತ ಮಾಮ ನೇರ ಲೋಟಕ್ಕೆ ಕೈಹಾಕಿದ.

ನಂಬರಮ್ಮ ಲೋಟವನ್ನು ಕಿತ್ತುಕೊಂಡಳು. ಟೀ ತುಳುಕಿ ಮಣಿಕಟ್ಟು ಸುಟ್ಟಿತು. "ಅದು ನಂದು ಮಾಮ." ಅವಳ ದನಿ ಅವಳಿಗೇ ಯಾರದೋ ದನಿಯಂತೆ ಕೇಳಿತು. "ಈ ಕಡತಕ್ಕೆ ಡಾಕ್ಟರ ಸಹಿ ಬೇಕು, ನೀವೂ ಬನ್ನಿ ನನ್ನ ಜೊತೆ. ಕೋಣೆಗೆ ಬೀಗ ಹಾಕಬೇಕು ಸರ್, ನೀವು ಏಳಿ."

ಹತ್ತು ವರ್ಷದಿಂದ ಹಗಲುಹೊತ್ತು ಬೀಗ ಕಂಡಿರದ ಬಾಗಿಲಿಗೆ ಅವಳು ಬೀಗ ಹಾಕುವುದನ್ನು ಮಾಮ ಕಣ್ಣು ಮಿಟುಕಿಸುತ್ತ ನೋಡಿದ. ಆದರೆ ಅವಳ ಮುಖ ಕಂಡು, ಹುಟ್ಟಿದಂದಿನಿಂದ ಮೊದಲ ಬಾರಿಗೆ ಎಂಬಂತೆ, ಬಾಯಿ ಮುಚ್ಚಿಕೊಂಡ.

ಆ ಗಂಡಸು ಮುಂದೆ ನಡೆದು ಹೋಗಿ ಲಿಫ್ಟಿನ ಬಾಗಿಲು ಹಿಡಿದು ನಿಂತ. "ಬನ್ನಿ ಮೇಡಂ, ನಾನೂ ಮೂರನೇ ಮಹಡಿಗೇ." ನಂಬರಮ್ಮ ತಲೆಯಾಡಿಸಿ ಮೆಟ್ಟಿಲು ಹಿಡಿದಳು. ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಅಂಗೈ ಮುಚ್ಚಿದ ಲೋಟ. ಒಂದೊಂದು ಮಹಡಿಗೂ ಲಿಫ್ಟಿನ ಗಂಟೆ ಕೇಳಿಸುತ್ತಿತ್ತು. ಪ್ರತಿ ಸಲವೂ ಅವಳ ಕಾಲು ಮೆಟ್ಟಿಲಿಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಎರಡನೇ ಮಹಡಿಯಲ್ಲಿ ಮಾಮ ಕೇಳಿದ, "ಏನಾಯ್ತು ಹೇಳಾದರೂ ಹೇಳು." ಅವಳು ಏದುಸಿರಿನಲ್ಲೇ ಹೇಳಿದಳು. ಮಾಮ ಲೋಟದ ಕಡೆ ನೋಡಿ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡ.

ವಾರ್ಡಿನ ಒಳಗೆ ಅವಳು ಹತ್ತೊಂಬತ್ತು ವರ್ಷದಲ್ಲಿ ಕಾಲಿಟ್ಟಿರಲಿಲ್ಲ. ಬಾಗಿಲ ಬಳಿ ಎಡಗೈಯಲ್ಲಿ ಬರೆಯುತ್ತಿದ್ದ ದಪ್ಪನೆಯ ಸಿಸ್ಟರ್ ತಲೆಯೆತ್ತಿದಳು. ಇವಳು ಯಾರೆಂದು ಹೇಳಿದ ಕೂಡಲೇ, "ನಂಬರಮ್ಮ ಅಂದ್ರೆ ನೀವಾ? ಪೂರ್ತಿ ಮುದುಕಿ ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಇವಳ ಕೈಯಲ್ಲಿದ್ದ ಕಡತ ನೋಡಿ, ನಗು ಅಡಗಿ, ದನಿ ತಗ್ಗಿಸಿದಳು. "ನೀವಾದರೂ ಓದಿದಿರಲ್ಲ. ಶನಿವಾರ ಬೇರೆಯವರ ಪಾಳಿ, ನನಗೆ ಗೊತ್ತಾಗಿದ್ದು ಭಾನುವಾರ. ಡಾಕ್ಟರಿಗೆ ಬಾಯಲ್ಲೂ ಹೇಳಿದೆ. ಚಟದವರು ಹಾಗೇ ಸುಳ್ಳು ಹೇಳ್ತಾರೆ ಸಿಸ್ಟರ್ ಅಂದುಬಿಟ್ಟರು."

ನಂಬರಮ್ಮ ಚಾಚಿದ ಲೋಟದ ಟೀಯನ್ನು ಸಿಸ್ಟರ್, ಮಾದರಿ ಸಂಗ್ರಹಿಸುವ ಡಬ್ಬಿಗೆ ಸುರಿದು ಹೊತ್ತು ಬರೆದು ಮುಚ್ಚಿಟ್ಟಳು. ಡಾಕ್ಟರನ್ನು ಹೇಗಾದರೂ ಮಾಡಿ ಎಳೆದುಕೊಂಡು ಬರುತ್ತೇನೆಂದು ಮಾಮ ಓಡಿದ. ನಂಬರಮ್ಮ ಏಳನೇ ಮಂಚದ ಬಳಿ ಹೋದಳು.

ಹೊಲಿಗೆ ಟೀಚರು ಸಣ್ಣ ಆಳು. ಹೊರಡಲು ಸಿದ್ಧವಾಗಿ, ಸ್ವಂತ ಬಟ್ಟೆ ತೊಟ್ಟು, ಮಂಚದ ಅಂಚಿನಲ್ಲಿ ಕುಳಿತಿದ್ದಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ನೀವು ಯಾರು?"

"ನಿಮ್ಮ ಕಾಗದ ಬರೆಯೋಳು. ಕೆಳಗಿನ ಕೋಣೆಯವಳು."

"ಏನಂತ ಬರೀತೀರಿ ನನ್ನ ಬಗ್ಗೆ?"

"ನೀವು ಏನಾದರೂ ತಗೊಂಡಿದ್ರಾ? ನನಗೆ ನಿಜ ಹೇಳಿ, ನಾನು ಡಾಕ್ಟರಲ್ಲ, ಪೊಲೀಸೂ ಅಲ್ಲ."

"ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತು ಅಕ್ಕ. ಈಗ ನನಗೇ ಅನುಮಾನ ಶುರುವಾಗಿದೆ. ತಗೊಂಡು ಮರೆತಿದೀನೇನೋ. ಅವರು ಹಾಗೇ ಅಂತಾರೆ. ನೀನೇ ತಗೋತೀಯ, ಆಮೇಲೆ ಮರೀತೀಯ ಅಂತ. ಕಾಗದದಲ್ಲೂ ಹಾಗೇ ಇದೆಯಂತಲ್ಲ. ಎರಡು ಸಲ." ಅವಳು ನಂಬರಮ್ಮನ ಸೆರಗಿನ ತುದಿ ಹಿಡಿದುಕೊಂಡಳು. "ಮನೆಗೆ ಹೋಗೋಕೆ ಭಯ ಆಗುತ್ತೆ. ಗೋಡೆ ಉಸಿರಾಡೋದು ಆ ಮನೇಲಿ ಮಾತ್ರ ಅಂದ್ಕೊಂಡಿದ್ದೆ. ಇಲ್ಲೂ ಶುರುವಾಯ್ತಲ್ಲ."

ಗಾಜಿನ ಬಾಗಿಲಿನಾಚೆ ಬೂದು ಅಂಗಿ ಕಾಣಿಸುತ್ತಿತ್ತು.

ಒಂದೂವರೆಗೆ ಡಾಕ್ಟರು ಬಂದರು, ಮೈಯೆಲ್ಲ ಸಿಡಿಮಿಡಿ. "ರೀ, ನಿಮ್ಮ ಕೆಲಸ ನಂಬರ್ ಹಾಕೋದು. ವಾರ್ಡಿಗೆ ಬಂದು ರೋಗಿ ವಿಚಾರಿಸೋದಕ್ಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ನನ್ನ ಮೇಲೆ ದೂರು ಬರೀರಿ. ಅದಕ್ಕೆ ಮುಂಚೆ ಈ ಎರಡು ಹಾಳೆ ಓದಿ." ಡಾಕ್ಟರು ಹಾಳೆಗಳನ್ನು ಕಿತ್ತುಕೊಂಡರು.

ಅವರು ಮೊದಲು ನಿಂತು ಓದಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತು ಮತ್ತೊಮ್ಮೆ ಓದಿದರು.

"ಸೋಮವಾರ ಗಂಡ ಯಾಕೆ ಬರಲಿಲ್ಲ?"

"ಕೋರ್ಟಿತ್ತಂತೆ ಸರ್" ಎಂದಳು ಎಡಗೈ ಸಿಸ್ಟರ್.

"ಭಾನುವಾರ ಸಂಜೆ ರಕ್ತ ತೆಗೆದಿದ್ರಾ?"

"ತೆಗೆದು ಫ್ರಿಜ್ಜಿನಲ್ಲಿ ಇಟ್ಟಿದೀನಿ. ಶನಿವಾರ ಬೆಳಗಿನದೂ ಇದೆ."

ಡಾಕ್ಟರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಎರಡು ಸಲ ನಾನೇ ಬರೆದೆ" ಎಂದರು, ಯಾರಿಗೆಂದಲ್ಲ. "ನಂಬರ್ ಹಾಕಿದ್ದು ನಾನು ಸರ್" ಎಂದಳು ನಂಬರಮ್ಮ.

ಆಮೇಲೆ ಅವರು ತಡಮಾಡಲಿಲ್ಲ. ಡಿಸ್ಚಾರ್ಜ್ ಕಾಗದವನ್ನು ಅಡ್ಡ ಗೀಟೆಳೆದು ರದ್ದುಮಾಡಿದರು. ರಕ್ತದ ಮಾದರಿಗಳನ್ನೂ ಲೋಟದ ಟೀಯನ್ನೂ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಲು ಬರೆದರು, ಹೊರಗಿನ ಆಹಾರ ಬೇಡ ಎಂದು ಮಂಚಕ್ಕೆ ಚೀಟಿ ಹಚ್ಚಿಸಿದರು, ಪೊಲೀಸರಿಗೆ ತಾವೇ ಫೋನ್ ಮಾಡಿದರು. ಎರಡಕ್ಕೆ ಸರಿಯಾಗಿ ಗಂಡ ಒಳಗೆ ಬಂದ. ಹೆಂಡತಿಯ ಚಪ್ಪಲಿಯನ್ನು ನೀಟಾಗಿ ಚೀಲದಲ್ಲಿ ತಂದಿದ್ದ.

"ಹೊರಡೋಣ್ವಾ?"

"ನಾಡಿ ಸರಿಯಿಲ್ಲ" ಎಂದರು ಡಾಕ್ಟರು. "ಇನ್ನೆರಡು ದಿನ ಇರಲಿ."

"ಬೆಳಿಗ್ಗೆ ಸರಿಯಿದೆ ಅಂದ್ರಲ್ಲ."

"ಈಗ ಇಲ್ಲ."

ಅವನು ವಾದ ಮಾಡಲಿಲ್ಲ. ಚೀಲವನ್ನು ಮಂಚದ ಕೆಳಗಿಟ್ಟು, ಹೆಂಡತಿಯ ತಲೆ ಸವರಿದ. ಹೆಂಡತಿ ಕಲ್ಲಿನಂತೆ ಕುಳಿತಿದ್ದಳು. ಹೊರಡುವಾಗ ನಂಬರಮ್ಮನ ಹತ್ತಿರ ಒಂದು ಗಳಿಗೆ ನಿಂತ. "ಟೀ ಕುಡಿದ್ರಾ ಮೇಡಂ?"

ಅವಳು ಹೋಗಿ ಏಳನೇ ಮಂಚದ ಮುಂದೆ ನಿಂತಳು.

ಅಂದು ಮೂರು ಗಂಟೆಗೇ ರಜೆ ಬರೆದು ಮನೆಗೆ ಓಡಿದಳು. ಬಸ್ಸಿನಲ್ಲಿ ಕೂರಲಾಗದೆ ಬಾಗಿಲ ಬಳಿಯೇ ನಿಂತಿದ್ದಳು. ಮನೆಯ ಬಾಗಿಲು ಬಡಿದಾಗ ಅಮ್ಮ ತೆರೆಯಲು ತೆಗೆದುಕೊಂಡ ಹೊತ್ತಿನಲ್ಲಿ ಅವಳು ಕಿಟಕಿಯನ್ನೂ ಬಡಿದಳು. ಅಮ್ಮ ಎಂದಿನಂತೆ ಅರ್ಧ ನಿದ್ದೆಯಲ್ಲಿ ಬಂದು, "ಯಾರೋ ಒಬ್ಬ ಫೋನ್ ಮಾಡಿದ್ದ ಕಣೇ, ಎಷ್ಟು ಮರ್ಯಾದೆ ಅಂತೀಯ. ಈ ಕಾಲದಲ್ಲೂ ಅಂಥೋರು ಇದಾರೆ" ಎಂದಳು. ನಂಬರಮ್ಮ ಅಮ್ಮನನ್ನು ತಬ್ಬಿಕೊಂಡಳು. "ಇದೇನೇ ಇದು, ಕೆಲಸ ಹೋಯ್ತಾ?" ಎಂದು ಅಮ್ಮ ಗಾಬರಿಯಾದಳು. ಮರುದಿನವೇ ಅಮ್ಮನನ್ನು ಅಣ್ಣನ ಮನೆಗೆ ಸಾಗಿಸಿದಳು. ಅಮ್ಮ ದಾರಿಯುದ್ದಕ್ಕೂ ಗೊಣಗಿದಳು.

ಪ್ರಯೋಗಾಲಯದ ವರದಿ ಬರಲು ಹನ್ನೊಂದು ದಿನ ಹಿಡಿಯಿತು. ಮೊದಲು ಬಂದದ್ದು ಲೋಟದ ಟೀಯದು. ಅದರಲ್ಲಿ ಏನೂ ಇರಲಿಲ್ಲ. ಹಾಲು, ಟೀಪುಡಿ, ನೀರು. ಅಂದು ನಂಬರಮ್ಮನಿಗೆ ಅನ್ನ ಸೇರಲಿಲ್ಲ. ಒಬ್ಬ ಮನುಷ್ಯನ ಮೇಲೆ ಇಲ್ಲದ್ದನ್ನು ಕಟ್ಟಿದೆನೇ, ಹೆದರಿಕೆಯೇ ನನಗೆ ಗೋಡೆಯನ್ನು ಉಸಿರಾಡಿಸಿತೇ ಎಂದು ತಲೆ ಚಿಟ್ಟುಹಿಡಿಯಿತು. ಎರಡು ದಿನ ಬಿಟ್ಟು ರಕ್ತದ ವರದಿ ಬಂತು. ಶನಿವಾರ ಬೆಳಗಿನ ರಕ್ತದಲ್ಲಿ ಮದ್ದು ಹೆಚ್ಚುಕಡಿಮೆ ಇಳಿದೇ ಹೋಗಿತ್ತು. ಭಾನುವಾರ ಸಂಜೆಯದರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಹಳೆಯದು ಉಳಿದಿದ್ದರೆ ಇಳಿಯಬೇಕಿತ್ತು, ಏರಲು ಸಾಧ್ಯವೇ ಇರಲಿಲ್ಲ. ಡಾಕ್ಟರು ಈ ಸಲ ಊಟ ಮಾಡಿ ಬಂದು, ಸಾಲು ನೆಟ್ಟಗಿಟ್ಟು ಬರೆದರು: ವಾರ್ಡಿನಲ್ಲಿರುವಾಗಲೇ ಇನ್ನೊಬ್ಬರಿಂದ ಕೊಡಲಾಗಿದೆ. ನಂಬರಮ್ಮ ಮೂರು ಎಂದು ಹಾಕಿದಳು. ಹಿಂದಿನ ಎರಡು ಕಡತಗಳನ್ನೂ ತೆಗೆಸಿ, ಹೊಸ ಪರಿಶೀಲನೆಯ ಟಿಪ್ಪಣಿ ಸೇರಿಸಿ, ಚಟದ ಕೋಡಿನ ಪಕ್ಕ 'ಇದು ತಪ್ಪು' ಎಂದು ಬರೆದು ತನ್ನ ಪೂರ್ತಿ ಹೆಸರು ಹಾಕಿದಳು. ಹಳೆಯದನ್ನು ಅಳಿಸುವಂತಿಲ್ಲ. ಅದು ಹಾಗೇ ಇರುತ್ತದೆ.

ಟೀಚರನ್ನೂ ಮಗುವನ್ನೂ ಟೀಚರ ಅಕ್ಕ ಬಂದು ಕರೆದುಕೊಂಡು ಹೋದಳು. ಪೊಲೀಸರು ಗಂಡನನ್ನು ಹಿಡಿದರು, ಮೂರು ವಾರ ಕಳೆದು ಜಾಮೀನಿನ ಮೇಲೆ ಬಿಟ್ಟರು. ಬಿಟ್ಟರೆಂದು ಕೇಳಿದ ದಿನದಿಂದ ನಂಬರಮ್ಮ ದಿನಕ್ಕೊಂದು ಬೇರೆ ಬಸ್ಸು ಹಿಡಿದಳು. ಹೊರಗೆ ಯಾರ ಮನೆಯಲ್ಲೂ ನೀರು ಕೂಡ ಮುಟ್ಟಲಿಲ್ಲ. ಮಾಮ ಬೆಳಿಗ್ಗೆ ಆಸ್ಪತ್ರೆಯ ಮುಂದಿನ ಬಸ್ ನಿಲ್ದಾಣದಲ್ಲಿ ಅವಳಿಗಾಗಿ ಕಾದು ನಿಲ್ಲುತ್ತಿದ್ದ, ವಾಕಿಂಗ್‌ಗೆ ಬಂದೆ ಎಂದು ಸುಳ್ಳು ಹೇಳುತ್ತಿದ್ದ.

ಟೀಚರು ಹಾಕಿದ್ದ ಕೇಸಿನಲ್ಲಿ ಸಾಕ್ಷಿಗೆ ಕರೆ ಬಂದದ್ದು ನಾಲ್ಕು ತಿಂಗಳ ಮೇಲೆ. ಕೋರ್ಟಿನ ಕೋಣೆ ಅವಳು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಟೀಚರ ಗಂಡ ಆರು ಹೆಜ್ಜೆ ದೂರದಲ್ಲಿ, ಅದೇ ಬಗೆಯ ಇಸ್ತ್ರಿ ಅಂಗಿಯಲ್ಲಿ ಕುಳಿತಿದ್ದ. ಅವನ ವಕೀಲ ಕೇಳಿದ, "ಮೊದಲ ಎರಡು ಕೋಡು ಹಾಕಿದ್ದು ಯಾರು?"

"ನಾನೇ."

"ಅವು ಸರಿಯೋ, ತಪ್ಪೋ?"

"ತಪ್ಪು."

"ಹಾಗಾದರೆ ಮೂರನೆಯದು ಮಾತ್ರ ಸರಿ ಅಂತ ನಾವು ಯಾಕೆ ನಂಬಬೇಕು?"

ಅವಳು ಕಟಕಟೆಯ ಕಂಬಿ ಹಿಡಿದುಕೊಂಡಳು. "ನನ್ನನ್ನ ನಂಬಬೇಡಿ ಸ್ವಾಮಿ. ನಾಡಿ ನೋಡಿ. ನಾಲ್ಕು ಗಂಟೆದು, ಆರು ಗಂಟೆದು. ಅವನು ಬಂದ ದಿನದ್ದು, ಬರದ ದಿನದ್ದು." ದಿನಾಂಕಗಳನ್ನು ಕಾಗದ ನೋಡದೆ ಹೇಳಿದಳು. ಅಂಕಿ ಒಂದೂ ತಪ್ಪಲಿಲ್ಲ. ನ್ಯಾಯಾಧೀಶರು ಬರೆದುಕೊಂಡರು. ತೀರ್ಪು ಅಂದು ಬರಲಿಲ್ಲ. ಮಗು ಮಾತ್ರ ತಾಯಿಯ ಹತ್ತಿರವೇ ಇರಲಿ ಎಂದರು.

ಹೊರಗೆ ಪಡಸಾಲೆಯಲ್ಲಿ ಜನ ನೂಕುತ್ತಿದ್ದರು. ಬೆನ್ನ ಹಿಂದೆ ಮೆತ್ತಗಿನ ದನಿ ಕೇಳಿತು. "ನಿಮ್ಮ ತಾಯಿ ಅಣ್ಣನ ಮನೇಲಿ ಆರಾಮಾಗಿದಾರಾ ಮೇಡಂ?"

ಅವಳು ತಿರುಗಿ ನೋಡುವ ಹೊತ್ತಿಗೆ ಅವನು ಅವಳನ್ನು ದಾಟಿ ಮುಂದೆ ಹೋಗಿಯಾಗಿತ್ತು. ಜೊತೆಗೆ ಬಂದಿದ್ದ ಮಾಮ ಏನೆಂದು ಕೇಳುತ್ತಿದ್ದ. ಅವಳು ನೇರ ಬಾಗಿಲ ಬಳಿಯ ಪೊಲೀಸಿನವನ ಮೇಜಿನವರೆಗೆ ನಡೆದಳು.

"ಒಂದು ದೂರಿದೆ" ಎಂದಳು. "ಬರ್ಕೊಳ್ಳಿ."

"ಏನಂತ?"

"ಅವನು ಅಂದಿದ್ದನ್ನ ಇದ್ದ ಹಾಗೇ ಹೇಳ್ತೀನಿ. ಮೊದಲು ಹೊತ್ತು ಬರ್ಕೊಳ್ಳಿ, ಹನ್ನೆರಡು ಗಂಟೆ ಇಪ್ಪತ್ತು ನಿಮಿಷ."

ಪೊಲೀಸಿನವನು ಪೆನ್ನಿನ ಮುಚ್ಚಳ ತೆಗೆದ. ಅವನು ಒಂದೊಂದು ಅಕ್ಷರ ಬರೆಯುವುದನ್ನೂ ನಂಬರಮ್ಮ ಬಗ್ಗಿ ನೋಡುತ್ತ ನಿಂತಳು.